ಕಣ್ಣಿಗಿಂತ ಲೆಕ್ಕ ಮುಖ್ಯ: ಎನ್‌ಎಫ್‌ಎಲ್ ಜನರಲ್ ಮ್ಯಾನೇಜರ್ ಹಾಗೆ ಡ್ರಾಫ್ಟ್, ಟ್ರೇಡ್ ಮಾಡುವುದನ್ನು ಕಲಿಯುವುದು ಹೇಗೆ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜಿನಿಂದ ಬರುವ ಹುಡುಗರನ್ನು ಪ್ರತಿ ವರ್ಷ ಒಂದೊಂದು ಸರದಿಗೆ (ಪಿಕ್) ಒಬ್ಬರಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 2014ರ ಡ್ರಾಫ್ಟ್‌ನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದ ಕೈಯಲ್ಲಿ ಮೊದಲ ರೌಂಡಿನ ಎರಡು ಪಿಕ್ ಇದ್ದವು. ಒಂದು 2ನೇದು, ಇನ್ನೊಂದು 13ನೇದು. 2ನೇದರಲ್ಲಿ ಗ್ರೆಗ್ ರಾಬಿನ್ಸನ್ ಎಂಬ ಟ್ಯಾಕಲ್ (ಎದುರಾಳಿಗಳನ್ನು ತಡೆದು ನಿಲ್ಲಿಸುವ) ಆಟಗಾರನನ್ನು ತಗೊಂಡರು. ಮೂರೇ ವರ್ಷಕ್ಕೆ ಒಂದು ಆರನೇ ರೌಂಡ್ ಪಿಕ್‌ಗೆ ಬೇರೆ ತಂಡಕ್ಕೆ ಕೊಟ್ಟು ಕೈತೊಳೆದುಕೊಂಡರು. 13ನೇದರಲ್ಲಿ ಸಿಕ್ಕಿದ್ದು ಆರನ್ ಡೊನಾಲ್ಡ್. ಮುಂದೆ ಮೂರು ಸಲ ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರ ಅನ್ನಿಸಿಕೊಂಡವರು.

ಅದೇ ರಾತ್ರಿ, ಅದೇ ಕೋಣೆ, ಹುಡುಗರ ಆಟ ನೋಡಿ ಅಳೆಯುವ ಅದೇ ಸ್ಕೌಟ್‌ಗಳು. ಅವರ ಕಣ್ಣು ಅಷ್ಟು ಚುರುಕಾಗಿದ್ದಿದ್ದರೆ ಡೊನಾಲ್ಡ್ ಅವರನ್ನೇ 2ನೇದರಲ್ಲಿ ತಗೊಳ್ಳಬೇಕಿತ್ತು, ಅಲ್ವಾ? ನನಗೆ ಡ್ರಾಫ್ಟ್ ಬಗ್ಗೆ ಏನಾದರೂ ಅರ್ಥವಾಗಿದ್ದರೆ ಅದು ಇಲ್ಲಿಂದ ಶುರುವಾಗುತ್ತದೆ. ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ ನಾಲ್ಕು ವರ್ಷದ ಮೇಲೆ ಹೇಗಿರುತ್ತಾನೆ ಅಂತ ಖಚಿತವಾಗಿ ಹೇಳುವ ಕಣ್ಣು ಯಾರಿಗೂ ಇಲ್ಲ. ಒಳ್ಳೆಯ ಜನರಲ್ ಮ್ಯಾನೇಜರ್ (ತಂಡಕ್ಕೆ ಯಾರು ಬೇಕು ಅಂತ ನಿರ್ಧರಿಸುವವನು) ಇದನ್ನು ಒಪ್ಪಿಕೊಂಡೇ ಕೆಲಸಕ್ಕೆ ಕೂರುತ್ತಾನೆ. ಬೆಲೆ ಸರಿಯಾಗಿ ಕಟ್ಟುವುದು, ಅವಕಾಶ ಜಾಸ್ತಿ ಇಟ್ಟುಕೊಳ್ಳುವುದು, ತನ್ನ ತಪ್ಪನ್ನು ಬರೆದಿಟ್ಟು ನೋಡುವುದು. ಈ ಮೂರನ್ನು ಕಲಿಯಬಹುದು. ನೀವು ಎನ್‌ಎಫ್‌ಎಲ್ ಪ್ರೇಕ್ಷಕರಾಗಿರಿ, ಆಫೀಸಿನ ಗೆಳೆಯರ ಜೊತೆ ಡೈನಾಸ್ಟಿ ಫ್ಯಾಂಟಸಿ ಲೀಗ್ (ನಿಜವಾದ ಆಟಗಾರರನ್ನು ಆರಿಸಿ, ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಆಡುವ ಕಾಲ್ಪನಿಕ ತಂಡಗಳ ಆಟ) ಆಡುವವರಾಗಿರಿ, ದಾರಿ ಒಂದೇ.

ಹೊಸಬರಿಗೆ ನಾಲ್ಕು ಮಾತು. ಲೀಗಿನಲ್ಲಿ 32 ತಂಡಗಳಿವೆ. ಡ್ರಾಫ್ಟ್ 7 ರೌಂಡ್ ನಡೆಯುತ್ತದೆ. ಹಿಂದಿನ ಸೀಸನ್‌ನಲ್ಲಿ ಹೀನಾಯವಾಗಿ ಸೋತವರಿಗೆ ಮೊದಲ ಸರದಿ. ನಮ್ಮ ಐಪಿಎಲ್ ಹರಾಜಿನಲ್ಲಿ ದುಡ್ಡಿದ್ದರೆ ಯಾರನ್ನು ಬೇಕಾದರೂ ಕೂಗಬಹುದು. ಇಲ್ಲಿ ಸರದಿಯೇ ದುಡ್ಡು. ಆ ಸರದಿಗೆ ಪಿಕ್ ಅನ್ನುತ್ತಾರೆ, ಅದನ್ನು ಮಾರಬಹುದು, ಕೊಳ್ಳಬಹುದು. ಇದರ ಮೇಲೆ ಸ್ಯಾಲರಿ ಕ್ಯಾಪ್ ಬೇರೆ, ಅಂದರೆ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ. 2025ರಲ್ಲಿ ಒಂದು ತಂಡದ ಮಿತಿ 27.92 ಕೋಟಿ ಡಾಲರ್. ಹಾಸಿಗೆ ಎಲ್ಲರಿಗೂ ಒಂದೇ ಅಳತೆ, ಕಾಲು ಚಾಚುವುದರಲ್ಲೇ ಜಾಣತನ.

ಹೆಜ್ಜೆ 1: ನಿಮ್ಮ ಅಂದಾಜು ಎಷ್ಟು ಸಲ ತಪ್ಪುತ್ತದೆ ಅಂತ ಮೊದಲು ಒಪ್ಪಿಕೊಳ್ಳಿ

ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಡ್ರಾಫ್ಟ್ ಬಗ್ಗೆ ದೊಡ್ಡ ಅಧ್ಯಯನ ಮಾಡಿದರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕೇಳಿದ ಪ್ರಶ್ನೆ ಸರಳ. ಒಂದೇ ಜಾಗದಲ್ಲಿ ಆಡುವ ಇಬ್ಬರು ಹುಡುಗರು ಒಬ್ಬರ ಹಿಂದೆ ಒಬ್ಬರು ಡ್ರಾಫ್ಟ್ ಆಗುತ್ತಾರೆ. ಮೊದಲು ಹೋದವನು ನಂತರ ಹೋದವನಿಗಿಂತ ಚೆನ್ನಾಗಿ ಆಡುವುದು ಎಷ್ಟು ಸಲ? ಉತ್ತರ ಸುಮಾರು 52 ಪರ್ಸೆಂಟ್. ನಾಣ್ಯ ಚಿಮ್ಮಿದರೆ 50. ತಿಂಗಳುಗಟ್ಟಲೆ ವಿಡಿಯೋ ನೋಡಿ, ಓಟ ಅಳೆದು, ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ, ಮನೆಯವರ ಜೊತೆ ಮಾತಾಡಿ ಕೊನೆಗೆ ಸಿಗುವ ಲಾಭ ಅಷ್ಟೇ.

ಇದನ್ನು ಓದಿ ಸ್ಕೌಟಿಂಗ್ ದಂಡ ಅಂದುಕೊಳ್ಳಬೇಡಿ. ಮೊದಲ ರೌಂಡಿನವರು ಆರನೇ ರೌಂಡಿನವರಿಗಿಂತ ಒಟ್ಟಾರೆ ಚೆನ್ನಾಗಿಯೇ ಆಡುತ್ತಾರೆ. ಅಕ್ಕಪಕ್ಕದ ಇಬ್ಬರ ನಡುವೆ ಗೆರೆ ಎಳೆಯುವುದು ಮಾತ್ರ ಕಷ್ಟ. ಹಾಗಾಗಿ ಅಭ್ಯಾಸ ಒಂದನ್ನು ಬದಲಾಯಿಸಿ. ಒಬ್ಬ ಹುಡುಗನನ್ನೇ ಕಣ್ಣಲ್ಲಿಟ್ಟುಕೊಂಡು ಅವನಿಗಾಗಿ ಮೂರು ಪಿಕ್ ಕೊಟ್ಟು ಮೇಲೆ ಹೋಗುವ ಮುಂಚೆ, ಅವನ ಹಿಂದೆ ನಿಂತಿರುವ ಇಬ್ಬರ ಹೆಸರು ಬರೆಯಿರಿ. ಅವರಿಗಿಂತ ಇವನು ನಿಜವಾಗಿ ಎಷ್ಟು ಮೇಲು ಅಂತ ಕೇಳಿಕೊಳ್ಳಿ. ಉತ್ತರ ಗಟ್ಟಿಯಾಗಿ ಬರದಿದ್ದರೆ ಕೂತಲ್ಲೇ ಕೂತಿರಿ. ಇಲ್ಲವೇ ಕೆಳಗೆ ಸರಿದು ಒಂದು ಪಿಕ್ ಜಾಸ್ತಿ ಮಾಡಿಕೊಳ್ಳಿ.

ಚೆಂಡು ಎಸೆದು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಮಾತ್ರ ನಾನು ಈ ನಿಯಮ ಸಡಿಲ ಮಾಡುತ್ತೇನೆ. ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ಹತ್ತು ಹನ್ನೆರಡು ವರ್ಷ ತಂಡದ ಹಣೆಬರಹವೇ ಬದಲಾಗುತ್ತದೆ. ಅಷ್ಟು ದೊಡ್ಡ ಗೆಲುವಿಗೆ ಸೋಲಿನ ಅಪಾಯ ಹೊರಬಹುದು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಾಗಿ ಅದೇ ಅಪಾಯ ಹೊರುವುದನ್ನು ನಾನು ಒಪ್ಪುವುದಿಲ್ಲ.

ಹೆಜ್ಜೆ 2: ಬೋರ್ಡ್ ಕಟ್ಟಿ, ಆದರೆ ಒಬ್ಬೊಬ್ಬರೇ ಕೂತು

ಬೋರ್ಡ್ ಅಂದರೆ ನಿಮ್ಮ ಪ್ರಕಾರ ಆಟಗಾರರ ಸಾಲು. ಎಲ್ಲರೂ ಒಂದು ಮೇಜಿನ ಸುತ್ತ ಕೂತು ಅದನ್ನು ಮಾಡಲು ಹೋಗುತ್ತಾರೆ, ತಪ್ಪು ಅಲ್ಲೇ ಆಗುತ್ತದೆ. ಮೊದಲು ಮಾತಾಡಿದವನ ಅಭಿಪ್ರಾಯ ಉಳಿದವರ ತಲೆಯೊಳಗೆ ಕೂತುಬಿಡುತ್ತದೆ. ಬಾಸ್ ಬಾಯಿ ಬಿಟ್ಟರಂತೂ ಮುಗಿಯಿತು. ಆದ್ದರಿಂದ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಮಾರ್ಕ್ಸ್ ಬರೆದು ಕೊಡಲಿ. ಆಮೇಲೆ ಚೀಟಿ ತೆರೆಯಿರಿ. ಮಾರ್ಕ್ಸ್ ತುಂಬಾ ವ್ಯತ್ಯಾಸ ಇರುವ ಹುಡುಗರ ಬಗ್ಗೆ ಮಾತ್ರ ಗಂಟೆಗಟ್ಟಲೆ ಚರ್ಚೆ ಮಾಡಿ. ಎಲ್ಲರೂ ಒಪ್ಪಿದವರ ಬಗ್ಗೆ ಸುಮ್ನೆ ಸಮಯ ಕಳೆಯಬೇಡಿ. ಫ್ಯಾಂಟಸಿ ಆಡುವವರು ಒಬ್ಬರೇ ಇರುತ್ತೀರಿ. ನೀವು ಇಂಟರ್ನೆಟ್ಟಿನ ರ‍್ಯಾಂಕಿಂಗ್ ನೋಡುವ ಮುಂಚೆಯೇ ನಿಮ್ಮ ಪಟ್ಟಿ ಬರೆದು ಮುಗಿಸಿ.

1ರಿಂದ 200ರವರೆಗೆ ನಂಬರ್ ಹಾಕುವುದಕ್ಕಿಂತ ಗುಂಪು ಮಾಡುವುದು ಉತ್ತಮ. ಈ ಐವರು ಒಂದು ಗುಂಪು, ಮುಂದಿನ ಹನ್ನೆರಡು ಜನ ಇನ್ನೊಂದು. ನಿಮ್ಮ ಸರದಿ ಬಂದಾಗ ಒಂದೇ ಗುಂಪಿನಲ್ಲಿ ಆರು ಜನ ಉಳಿದಿದ್ದರೆ ನಾಲ್ಕು ಸ್ಥಾನ ಕೆಳಗೆ ಸರಿಯಲು ಭಯ ಬೇಡ. ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ. ಗುಂಪಿನಲ್ಲಿ ಒಬ್ಬನೇ ಉಳಿದಿದ್ದರೆ ಫೋನ್ ಕೆಳಗಿಟ್ಟು ಅವನನ್ನು ತಗೊಳ್ಳಿ.

ತಂಡದ ಕೊರತೆ ನೋಡಬೇಕಾ, ಇದ್ದವರಲ್ಲಿ ಒಳ್ಳೆಯವನನ್ನು ನೋಡಬೇಕಾ? ಬಾಲ್ಟಿಮೋರ್ ರೇವನ್ಸ್ ತಂಡದ ಮೊದಲ ಡ್ರಾಫ್ಟ್ 1996ರಲ್ಲಿ. ತಂಡದ ಆಯ್ಕೆ ನೋಡಿಕೊಳ್ಳುತ್ತಿದ್ದ ಓಝಿ ನ್ಯೂಸಮ್ 4ನೇ ಪಿಕ್‌ನಲ್ಲಿ ಜೋನಾಥನ್ ಆಗ್ಡನ್ ಅವರನ್ನು ತಗೊಂಡರು. ಆಗ್ಡನ್ ಲೆಫ್ಟ್ ಟ್ಯಾಕಲ್. ಆ ಜಾಗದಲ್ಲಿ ತಂಡಕ್ಕೆ ಆಗಲೇ ಒಬ್ಬ ಆಟಗಾರ ಇದ್ದ. ಹಾಗಾಗಿ ಮೊದಲ ವರ್ಷ ಆಗ್ಡನ್ ಪಕ್ಕದ ಗಾರ್ಡ್ ಜಾಗದಲ್ಲಿ ಆಡಿದರು. ಅದೇ ಡ್ರಾಫ್ಟ್‌ನ 26ನೇ ಪಿಕ್‌ನಲ್ಲಿ ರೇ ಲೂಯಿಸ್ ಸಿಕ್ಕರು. ಇಬ್ಬರೂ ಈಗ ಆಟದ ದಿಗ್ಗಜರ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. 2005ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಕೂಡ ಹೀಗೇ ಮಾಡಿತು. ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಆಡುತ್ತಿರುವಾಗಲೇ 24ನೇ ಪಿಕ್‌ನಲ್ಲಿ ಅದೇ ಜಾಗದ ಆರನ್ ರಾಜರ್ಸ್ ಅವರನ್ನು ತಗೊಂಡರು. ರಾಜರ್ಸ್ ಮೂರು ವರ್ಷ ಬೆಂಚಿನಲ್ಲಿ ಕೂತರು. ಇವತ್ತಿನ ಕೊರತೆ ಮುಂದಿನ ವರ್ಷ ಇರುತ್ತೋ ಇಲ್ಲವೋ ಗೊತ್ತಿಲ್ಲ, ಆದರೆ ಆಟಗಾರ ನಾಲ್ಕೈದು ವರ್ಷ ನಿಮ್ಮ ಹತ್ತಿರ ಇರುತ್ತಾನೆ.

ಇಲ್ಲಿ ಸಂಬಳದ ಲೆಕ್ಕವೂ ಸೇರುತ್ತದೆ. ಹೊಸ ಆಟಗಾರನ ಸಂಬಳ ಅವನ ಪಿಕ್ ನಂಬರ್ ಮೇಲೆ ನಿಂತಿದೆ, ಯಾವ ಜಾಗದಲ್ಲಿ ಆಡುತ್ತಾನೆ ಅನ್ನುವುದರ ಮೇಲಲ್ಲ. 2011ರಲ್ಲಿ ಬಂದ ನಿಯಮ ಇದು. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದವಾಗಿತ್ತು. ಮರುವರ್ಷ ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ ಸುಮಾರು 2.2 ಕೋಟಿ. ಹಾಗಾದರೆ ಮಾರುಕಟ್ಟೆಯಲ್ಲಿ ಯಾವ ಜಾಗ ದುಬಾರಿಯೋ ಆ ಜಾಗದ ಆಟಗಾರನನ್ನು ಡ್ರಾಫ್ಟ್‌ನಲ್ಲಿ ಹುಡುಕುವುದು ಲಾಭ. ಕ್ವಾರ್ಟರ್‌ಬ್ಯಾಕ್, ಟ್ಯಾಕಲ್, ಪಾಸ್ ರಶರ್, ಕಾರ್ನರ್‌ಬ್ಯಾಕ್, ವೈಡ್ ರಿಸೀವರ್.

2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ 2ನೇ ಪಿಕ್‌ನಲ್ಲಿ ಸೇಕ್ವಾನ್ ಬಾರ್ಕ್ಲಿ ಎಂಬ ರನ್ನಿಂಗ್ ಬ್ಯಾಕ್ ತಗೊಂಡಿತು. ಆಟಗಾರ ಅಪ್ಪಟ ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅವರಿದ್ದ ಆರು ಸೀಸನ್‌ನಲ್ಲಿ ಜೈಂಟ್ಸ್ ಸೋಲಿಗಿಂತ ಗೆಲುವು ಜಾಸ್ತಿ ಕಂಡಿದ್ದು ಒಂದೇ ಒಂದು ಸಲ. ಅದೇ ಬಾರ್ಕ್ಲಿ 2024ರಲ್ಲಿ ಗಟ್ಟಿ ತಂಡವಾಗಿದ್ದ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋಗಿ 2,005 ಗಜ ಓಡಿದರು, ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಮನೆಗೆ ಗೋಡೆ ಎಬ್ಬಿಸಿದ ಮೇಲೆ ತರಬೇಕಾದ ವಸ್ತುವನ್ನು ಜೈಂಟ್ಸ್ ಮೊದಲೇ ತಂದಿತ್ತು.

ಹೆಜ್ಜೆ 3: ಪ್ರತಿ ಪಿಕ್‌ಗೂ ಬೆಲೆ ಬರೆದಿಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದೇ.

1990ರ ದಶಕದ ಶುರುವಿನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಒಂದು ಪಟ್ಟಿ ಮಾಡಿಕೊಂಡಿತು. ಲೆಕ್ಕ ಹಾಕಿದವರು ತಂಡದಲ್ಲಿ ಪಾಲು ಹೊಂದಿದ್ದ ಮೈಕ್ ಮೆಕಾಯ್. ಹೆಸರು ಬಂದಿದ್ದು ಕೋಚ್ ಜಿಮ್ಮಿ ಜಾನ್ಸನ್‌ಗೆ. ಅದರಲ್ಲಿ 1ನೇ ಪಿಕ್‌ಗೆ 3000 ಅಂಕ, 2ನೇದಕ್ಕೆ 2600, 10ನೇದಕ್ಕೆ 1300, 16ನೇದಕ್ಕೆ 1000, 32ನೇದಕ್ಕೆ 590. ಫೋನ್ ಬಂದಾಗ ಎರಡೂ ಕಡೆ ಕೂಡಿಸಿ ನೋಡಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಎರಡು ಟ್ರೇಡ್‌ಗಳನ್ನು ಈ ತಕ್ಕಡಿಯಲ್ಲಿ ತೂಗೋಣ. ಪೆನ್ನು ಹಿಡಿದುಕೊಳ್ಳಿ.

2017ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಬಫಲೋ ತಂಡದಿಂದ 10ನೇ ಪಿಕ್ ಕೊಂಡಿತು. ಬೆಲೆ 1300. ಕೊಟ್ಟಿದ್ದು 27ನೇದು (680), 91ನೇದು (136), ಜೊತೆಗೆ ಮುಂದಿನ ವರ್ಷದ ಮೊದಲ ರೌಂಡ್ ಪಿಕ್. ಮೊದಲ ಎರಡು ಸೇರಿ 816. ಅಂದರೆ ಮುಂದಿನ ವರ್ಷದ ಪಿಕ್ 484 ಅಂಕಕ್ಕೆ ಹೋದ ಹಾಗೆ. ಅದು ಕೊನೆಗೆ 22ನೇದಾಗಿ ಬಿತ್ತು, ಆ ವರ್ಷಕ್ಕೆ ಅದರ ಬೆಲೆ 780. ಪಟ್ಟಿಯ ಪ್ರಕಾರ ಚೀಫ್ಸ್ ಸ್ವಲ್ಪ ಜಾಸ್ತಿ ಕೊಟ್ಟಿತು. ತಂದಿದ್ದು ಪ್ಯಾಟ್ರಿಕ್ ಮಹೋಮ್ಸ್ ಅವರನ್ನು. ನಾನು ಈ ಟ್ರೇಡ್ ಇಷ್ಟಪಡುವುದು ಮಹೋಮ್ಸ್ ಗೆದ್ದರು ಅಂತ ಮಾತ್ರ ಅಲ್ಲ. ಕ್ವಾರ್ಟರ್‌ಬ್ಯಾಕ್‌ಗಾಗಿ ಕೊಟ್ಟ ಬೆಲೆಗೆ ಒಂದು ಮಿತಿ ಇತ್ತು, ಸೋತಿದ್ದರೂ ತಂಡ ಮುಳುಗುತ್ತಿರಲಿಲ್ಲ.

ಈಗ 2012. ವಾಷಿಂಗ್ಟನ್ ತಂಡ ರ‍್ಯಾಮ್ಸ್‌ನಿಂದ 2ನೇ ಪಿಕ್ ಕೊಂಡಿತು, ರಾಬರ್ಟ್ ಗ್ರಿಫಿನ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ. ಬೆಲೆ 2600. ಕೊಟ್ಟಿದ್ದು 6ನೇದು (1600), 39ನೇದು (510). ಸೇರಿ 2110. ಬಾಕಿ 490. ಮೊದಲ ರೌಂಡಿನ ಕಟ್ಟಕಡೆಯ ಪಿಕ್‌ಗೇ 590 ಇದೆ, ಒಂದು ಪಿಕ್ ಕೊಟ್ಟಿದ್ದರೆ ಸಾಕಿತ್ತು. ವಾಷಿಂಗ್ಟನ್ ಎರಡು ಕೊಟ್ಟಿತು, 2013ರದ್ದು ಮತ್ತು 2014ರದ್ದು. ಗ್ರಿಫಿನ್ ಮೊದಲ ವರ್ಷ ಮಿಂಚಿದರು, ಮಂಡಿ ಪೆಟ್ಟು ಮಾಡಿಕೊಂಡರು, ತಂಡ ಕುಸಿಯಿತು. 2014ರ ಪಿಕ್ ಎಷ್ಟನೇದಾಗಿ ಬಿತ್ತು ಗೊತ್ತಾ? 2ನೇದು. ಶುರುವಿನಲ್ಲಿ ಹೇಳಿದ ರ‍್ಯಾಮ್ಸ್‌ನ 2ನೇ ಪಿಕ್ ಇದೇ. ಅದನ್ನು ರ‍್ಯಾಮ್ಸ್ ಕೂಡ ವ್ಯರ್ಥ ಮಾಡಿಕೊಂಡಿತು ಅನ್ನುವುದು ಬೇರೆ ಮಾತು. ಇನ್ನೂ ಒಂದು ಹೇಳಬೇಕು. ಅದೇ 2012ರ ಡ್ರಾಫ್ಟ್‌ನ ನಾಲ್ಕನೇ ರೌಂಡಿನಲ್ಲಿ ವಾಷಿಂಗ್ಟನ್ ಕರ್ಕ್ ಕಸಿನ್ಸ್ ಅವರನ್ನೂ ತಗೊಂಡಿತ್ತು. ಮುಂದೆ ಹಲವು ವರ್ಷ ತಂಡ ನಡೆಸಿದ ಕ್ವಾರ್ಟರ್‌ಬ್ಯಾಕ್ ಅವರೇ.

ಮುಂದಿನ ವರ್ಷದ ಪಿಕ್ ಕೊಡುವುದು ಸಾಲ ತಂದ ಹಾಗೆ. ಮ್ಯಾಸಿ ಮತ್ತು ಥೇಲರ್ ಅದರ ಬಡ್ಡಿಯನ್ನೂ ಲೆಕ್ಕ ಹಾಕಿದರು. ಈ ವರ್ಷದ ಎರಡನೇ ರೌಂಡ್ ಪಿಕ್‌ಗಾಗಿ ಮುಂದಿನ ವರ್ಷದ ಮೊದಲ ರೌಂಡ್ ಪಿಕ್ ಕೊಡುವುದು ತಂಡಗಳಿಗೆ ರೂಢಿಯಾಗಿತ್ತು. ಬಡ್ಡಿ ವರ್ಷಕ್ಕೆ ನೂರು ಪರ್ಸೆಂಟ್‌ಗಿಂತ ಜಾಸ್ತಿ. ನಮ್ಮೂರಲ್ಲಿ ಇದಕ್ಕೆ ಮೀಟರ್ ಬಡ್ಡಿ ಅನ್ನುತ್ತಾರೆ. ಕೆಲಸ ಹೋಗುವ ಭಯದಲ್ಲಿರುವ ಮ್ಯಾನೇಜರ್ ಈ ಸಾಲ ತೆಗೆಯುತ್ತಾನೆ, ತೀರಿಸುವವನು ಅವನ ನಂತರ ಬರುವವನು. ನೀವು ಸಾಲ ಕೊಡುವ ಜಾಗದಲ್ಲಿರಿ. ಸೋಲುತ್ತಿರುವ, ಅವಸರದಲ್ಲಿರುವ ತಂಡದ ಮುಂದಿನ ವರ್ಷದ ಪಿಕ್ ಕೇಳಿ.

1999ರಲ್ಲಿ ನ್ಯೂ ಓರ್ಲಿಯನ್ಸ್ ಸೇಂಟ್ಸ್ ಕೋಚ್ ಮೈಕ್ ಡಿಟ್ಕಾ ರಿಕ್ಕಿ ವಿಲಿಯಮ್ಸ್ ಎಂಬ ಒಬ್ಬ ರನ್ನಿಂಗ್ ಬ್ಯಾಕ್‌ಗಾಗಿ ಆ ವರ್ಷದ ಎಲ್ಲಾ ಪಿಕ್ ಕೊಟ್ಟರು, ಮರುವರ್ಷದ ಮೊದಲ ಮತ್ತು ಮೂರನೇ ರೌಂಡ್ ಪಿಕ್ ಕೂಡ. ತಂಡ 3 ಗೆದ್ದು 13 ಸೋತಿತು. ಮರುವರ್ಷದ ಪಿಕ್ 2ನೇದಾಗಿ ಬಿತ್ತು. ಅವತ್ತು ಆ ಲಾಭ ಪಡೆದ ತಂಡ ವಾಷಿಂಗ್ಟನ್. ಹದಿಮೂರು ವರ್ಷದ ಮೇಲೆ ಅದೇ ಸಾಲ ತಾನೇ ಮಾಡಿತು. ನಾಯಕರು ಬದಲಾದಾಗ ಪಾಠ ಕಚೇರಿಯಲ್ಲಿ ಉಳಿಯುವುದಿಲ್ಲ. ಅದಕ್ಕೇ ಬರೆದಿಡಿ ಅನ್ನುವುದು.

ಜಾನ್ಸನ್ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಅದು ಮೇಲಿನ ಪಿಕ್‌ಗಳಿಗೆ ಬೆಲೆ ಜಾಸ್ತಿ ಹಾಕುತ್ತದೆ ಅನ್ನುವುದೇ ಅಧ್ಯಯನಗಳ ಮಾತು. ಆದರೆ ಎದುರಿನವರು ಅದನ್ನೇ ಹಿಡಿದು ಮಾತಾಡುತ್ತಾರೆ. ಹಾಗಾಗಿ ಎರಡು ಪಟ್ಟಿ ಇಟ್ಟುಕೊಳ್ಳಿ. ಒಂದು ಮಾರುಕಟ್ಟೆಯದು, ಇನ್ನೊಂದು ನಿಮ್ಮದು. ಎರಡರ ನಡುವಿನ ಅಂತರದಲ್ಲೇ ನಿಮ್ಮ ಲಾಭ.

ಹೆಜ್ಜೆ 4: ಎದುರಿನವರ ತಲೆಯೊಳಗೆ ಹೊಕ್ಕು ಮಾತಾಡಿ

1989ರ ಅಕ್ಟೋಬರ್ 12. ಕೌಬಾಯ್ಸ್ ತನ್ನ ದೊಡ್ಡ ಆಟಗಾರ ಹರ್ಷೆಲ್ ವಾಕರ್ ಅವರನ್ನು ಮಿನೆಸೋಟ ವೈಕಿಂಗ್ಸ್‌ಗೆ ಕೊಟ್ಟಿತು. ವೈಕಿಂಗ್ಸ್ ಐದು ಆಟಗಾರರನ್ನೂ ಪಿಕ್‌ಗಳನ್ನೂ ಕೊಟ್ಟಿತು. ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಆ ಆಟಗಾರರನ್ನು ಡಲ್ಲಾಸ್ ಕೈಬಿಟ್ಟರೆ ಬದಲಿಗೆ ಇನ್ನಷ್ಟು ಪಿಕ್ ಕೊಡಬೇಕು. ಡಲ್ಲಾಸ್‌ಗೆ ಆಟಗಾರರು ಬೇಕು ಅಂತ ವೈಕಿಂಗ್ಸ್ ಅಂದುಕೊಂಡಿತ್ತು. ಜಾನ್ಸನ್‌ಗೆ ಬೇಕಿದ್ದದ್ದು ಆ ಪಿಕ್‌ಗಳೇ. ಆ ಸೀಸನ್‌ನಲ್ಲಿ 1 ಗೆದ್ದು 15 ಸೋತ ತಂಡ 1992, 1993, 1995ರ ಸೀಸನ್‌ಗಳಲ್ಲಿ ಸೂಪರ್ ಬೌಲ್ ಗೆದ್ದಿತು. ಟ್ರೇಡ್ ಮುಂಚೆ ಒಂದು ಹಾಳೆಯಲ್ಲಿ ಬರೆಯಿರಿ: ಇವರು ಇದನ್ನು ಯಾಕೆ ಕೊಡುತ್ತಿದ್ದಾರೆ? ಉತ್ತರ ಹೊಳೆಯದಿದ್ದರೆ ಸಹಿ ಹಾಕಬೇಡಿ.

ನಮ್ಮ ಹನ್ನೆರಡು ಜನರ ಲೀಗಿನಲ್ಲಿ ನನಗೂ ಹೀಗಾಗಿದೆ. ಸತತ ಎರಡು ವಾರ ಸೋತಿದ್ದೆ. ಭಾನುವಾರ ರಾತ್ರಿ ಹನ್ನೊಂದೂವರೆಗೆ ಗೆಳೆಯನೊಬ್ಬ ಮೆಸೇಜ್ ಮಾಡಿದ. ಮುಂದಿನ ವರ್ಷದ ಮೊದಲ ಪಿಕ್ ಕೊಟ್ಟರೆ ಇಪ್ಪತ್ತೆಂಟು ವರ್ಷದ ರನ್ನಿಂಗ್ ಬ್ಯಾಕ್ ಕೊಡ್ತೀನಿ ಅಂದ. ಹತ್ತು ನಿಮಿಷದಲ್ಲಿ ಒಪ್ಪಿಕೊಂಡೆ. ಸೀಸನ್ ಮುಗಿದಾಗ ನನ್ನ ಆ ಪಿಕ್ ಇಡೀ ಲೀಗಿನಲ್ಲಿ ಎರಡನೆಯದಾಗಿತ್ತು. ತುಂಬಾ ನೋವಾಯಿತು. ಅಂದಿನಿಂದ ಒಂದು ನಿಯಮ: ಸೋತ ದಿನ ಯಾವ ಟ್ರೇಡ್‌ಗೂ ಹೂಂ ಅನ್ನುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಮೇಲೂ ಸರಿ ಅನ್ನಿಸಿದರೆ ಆಗ ನೋಡುತ್ತೇನೆ.

ಮಾರುವುದನ್ನೂ ಕಲಿಯಬೇಕು, ಅದು ಕೊಳ್ಳುವುದಕ್ಕಿಂತ ಕಷ್ಟ. 2022ರಲ್ಲಿ ಚೀಫ್ಸ್ ತನ್ನ ಮಿಂಚಿನ ಓಟಗಾರ ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಕೊಟ್ಟು ಐದು ಪಿಕ್ ತಗೊಂಡಿತು. ಹಿಲ್ ಅಲ್ಲಿ ಅದ್ಭುತವಾಗಿ ಆಡಿದರು. ಚೀಫ್ಸ್ ಮುಂದಿನ ಎರಡೂ ಸೂಪರ್ ಬೌಲ್ ಗೆದ್ದಿತು. ಒಳ್ಳೆಯ ಟ್ರೇಡ್‌ನಲ್ಲಿ ಇಬ್ಬರಿಗೂ ಬೇಕಾದದ್ದು ಸಿಗಬಹುದು. ಎದುರಿನವರನ್ನು ದೋಚಲೇಬೇಕು ಅಂತ ಹೊರಟರೆ ಮುಂದಿನ ಸಲ ನಿಮ್ಮ ಫೋನ್ ಯಾರೂ ಎತ್ತುವುದಿಲ್ಲ.

ಹೆಜ್ಜೆ 5: ಡ್ರಾಫ್ಟ್ ದಿನದ ಕೆಲಸ ಹಿಂದಿನ ವಾರವೇ ಮುಗಿಸಿ

2003ರಲ್ಲಿ ವೈಕಿಂಗ್ಸ್ ಹತ್ತಿರ 7ನೇ ಪಿಕ್ ಇತ್ತು. ಆಗ ಪ್ರತಿ ತಂಡಕ್ಕೆ 15 ನಿಮಿಷ ಸಮಯ. ಕೆಳಗೆ ಸರಿಯಲು ಬಾಲ್ಟಿಮೋರ್ ಜೊತೆ ಮಾತು ನಡೆಯುತ್ತಿತ್ತು. ಮಾತು ಮುಗಿಯುವ ಮುಂಚೆ ಗಡಿಯಾರ ಮುಗಿಯಿತು. ಹಿಂದಿದ್ದ ಜಾಕ್ಸನ್‌ವಿಲ್ ತಂಡ ಓಡಿ ಬಂದು ಚೀಟಿ ಕೊಟ್ಟಿತು. ಅದರ ಹಿಂದೆ ಕ್ಯಾರೊಲೈನಾ ಕೂಡ. ವೈಕಿಂಗ್ಸ್ 9ನೇದವರಾಗಿ ಕೆವಿನ್ ವಿಲಿಯಮ್ಸ್ ಹೆಸರು ಕೊಟ್ಟಿತು. ಅವರು ಐದು ಸಲ ಆಲ್-ಪ್ರೋ (ವರ್ಷದ ಶ್ರೇಷ್ಠ ಆಟಗಾರರ ಪಟ್ಟಿ) ಮೊದಲ ತಂಡಕ್ಕೆ ಆಯ್ಕೆಯಾದರು, ಹಾಗಾಗಿ ತಂಡ ಬಚಾವಾಯಿತು. ಆದರೆ ಕೈಗೆ ಬರಬೇಕಿದ್ದ ಹೆಚ್ಚುವರಿ ಪಿಕ್ ಹೋಯಿತು.

ಹಾಗಾಗದಿರಲು ಒಂದು ವಾರ ಮುಂಚೆಯೇ ಅಕ್ಕಪಕ್ಕದ ಐದಾರು ತಂಡಗಳಿಗೆ ಫೋನ್ ಮಾಡಿ. ಯಾರಿಗೆ ಮೇಲೆ ಬರುವ ಆಸೆ ಇದೆ, ಎಷ್ಟು ಕೊಡುತ್ತಾರೆ ಅಂತ ಬಾಯಿಮಾತಿನಲ್ಲಿ ತಿಳಿದುಕೊಂಡು ಬರೆದಿಡಿ. ನಿಮ್ಮ ಸರದಿ ಬಂದಾಗ ಚೌಕಾಸಿಗೆ ಸಮಯ ಇರುವುದಿಲ್ಲ, ಹೂಂ ಅಥವಾ ಉಹೂಂ ಅನ್ನಲು ಮಾತ್ರ ಇರುತ್ತದೆ. ಯಾರೂ ಕರೆಯದಿದ್ದರೆ ತಗೊಳ್ಳಬೇಕಾದ ಹೆಸರು ಮೊದಲೇ ಚೀಟಿಯಲ್ಲಿರಲಿ.

ಹೆಜ್ಜೆ 6: ಪುಸ್ತಕ ಇಡಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ನನ್ನದರಲ್ಲಿ ಒಂದು ಪುಟ ಹೀಗಿರುತ್ತದೆ. ಮೇಲೆ ತಾರೀಖು ಮತ್ತು ಆಟಗಾರನ ಹೆಸರು. ಕೆಳಗೆ: ಯಾಕೆ ತಗೊಂಡೆ, ಎರಡು ಸಾಲು. ಬದಲಿಗೆ ಯಾರಿದ್ದರು, ಮೂರು ಹೆಸರು. ಮೂರು ವರ್ಷದಲ್ಲಿ ಇವನು ಖಾಯಂ ಆಟಗಾರ ಆಗುವ ಸಾಧ್ಯತೆ ನೂರಕ್ಕೆ ಎಷ್ಟು. ಕೊನೆಗೆ, ನನಗೆ ಗೊತ್ತಿದ್ದೂ ಕಡೆಗಣಿಸಿದ್ದು ಏನು. ಈ ಕೊನೆಯ ಸಾಲು ಬರೆಯಲು ಕೈ ಹಿಂಜರಿಯುತ್ತದೆ. ಹಿಂಜರಿದರೂ ಬರೆಯಿರಿ. ಮೂರು ವರ್ಷ ಪುಟ ತೆರೆಯಬೇಡಿ. ತೆರೆದಾಗ 70 ಅಂತ ಬರೆದ ಹತ್ತು ಜನರಲ್ಲಿ ಏಳು ಜನ ನಿಂತಿದ್ದಾರಾ ನೋಡಿ. ನಾಲ್ಕೇ ಜನ ನಿಂತಿದ್ದರೆ ನಿಮ್ಮ ನಂಬಿಕೆ ನಿಮ್ಮ ತಿಳಿವಿಗಿಂತ ದೊಡ್ಡದು ಅಂತ ಅರ್ಥ.

ಫಲಿತಾಂಶ ನೋಡಿ ನಿರ್ಧಾರಕ್ಕೆ ಮಾರ್ಕ್ಸ್ ಹಾಕಬೇಡಿ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ 3ನೇ ಪಿಕ್‌ಗಾಗಿ ಮೂರು ಮೊದಲ ರೌಂಡ್ ಪಿಕ್, ಒಂದು ಮೂರನೇ ರೌಂಡ್ ಪಿಕ್ ಕೊಟ್ಟಿತು. ಬಂದವರು ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್. ತಂಡಕ್ಕಾಗಿ ಶುರುವಿನಿಂದ ಆಡಿದ್ದು ನಾಲ್ಕೇ ಪಂದ್ಯ. 2022ರಲ್ಲಿ ಅದೇ ಮ್ಯಾನೇಜರ್ ಜಾನ್ ಲಿಂಚ್ ಡ್ರಾಫ್ಟ್‌ನ ಕಟ್ಟಕಡೆಯ 262ನೇ ಪಿಕ್‌ನಲ್ಲಿ ಅದೇ ಜಾಗದ ಬ್ರಾಕ್ ಪರ್ಡಿ ಅವರನ್ನು ತಗೊಂಡರು. 2023ರ ಸೀಸನ್‌ನಲ್ಲಿ ಪರ್ಡಿ ತಂಡವನ್ನು ಸೂಪರ್ ಬೌಲ್‌ವರೆಗೆ ಕರೆದೊಯ್ದರು. ಆ ವರ್ಷ ಅವರ ಸಂಬಳ 10 ಲಕ್ಷ ಡಾಲರ್‌ಗೂ ಕಡಿಮೆ. ಪರ್ಡಿ ಸಿಕ್ಕಿದ್ದು ಲಿಂಚ್ ಕಣ್ಣಿನ ಮಹಿಮೆ ಅಂದರೆ, ಅಷ್ಟು ಚೆನ್ನಾಗಿ ಕಾಣುತ್ತಿದ್ದ ಹುಡುಗನನ್ನು 261 ಹೆಸರು ಹೋಗುವವರೆಗೆ ಯಾಕೆ ಬಿಟ್ಟರು? ಅವರಿಗೆ ಶಹಬ್ಬಾಸ್ ಹೇಳಬೇಕಾದದ್ದು ಬೇರೆ ಕಾರಣಕ್ಕೆ. ಲ್ಯಾನ್ಸ್ ಮೇಲೆ ಅಷ್ಟು ಸುರಿದ ಮೇಲೂ, ಪರ್ಡಿ ಮುಂದಿದ್ದಾರೆ ಅಂತ ಕಂಡಾಗ ಹಠ ಹಿಡಿಯಲಿಲ್ಲ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್ ಅವರನ್ನು ಒಂದು ನಾಲ್ಕನೇ ರೌಂಡ್ ಪಿಕ್‌ಗೆ ಡಲ್ಲಾಸ್‌ಗೆ ಬಿಟ್ಟುಕೊಟ್ಟರು. ಕೊಟ್ಟ ಬೆಲೆ ಮರೆತು ಇವತ್ತಿನ ಆಟಗಾರನನ್ನು ನೋಡುವುದು ಬಹಳ ಜನರಿಗೆ ಆಗುವುದಿಲ್ಲ.

ಇನ್ನೊಂದು ಪಟ್ಟಿ ಸಿದ್ಧವಾಗಿರಲಿ. ಏಳನೇ ರೌಂಡ್ ಮುಗಿದ ಕ್ಷಣದಿಂದ ಯಾರೂ ತಗೊಳ್ಳದ ಹುಡುಗರಿಗೆ ಫೋನ್ ಶುರುವಾಗುತ್ತದೆ. ಅಲ್ಲಿ ಸರದಿ ಇಲ್ಲ, ಮೊದಲು ಕರೆದವರಿಗೆ ಅನುಕೂಲ. ಟೋನಿ ರೋಮೊ 2003ರಲ್ಲಿ ಹೀಗೇ ಡಲ್ಲಾಸ್‌ಗೆ ಬಂದವರು. ಕರ್ಟ್ ವಾರ್ನರ್ ಅವರನ್ನು 1994ರಲ್ಲಿ ಯಾರೂ ಡ್ರಾಫ್ಟ್ ಮಾಡಲಿಲ್ಲ. ಅಯೋವಾದಲ್ಲಿ ದಿನಸಿ ಅಂಗಡಿಯ ಕಪಾಟು ತುಂಬಿಸುವ ಕೆಲಸ ಮಾಡಿದರು, 1999ರ ಸೀಸನ್‌ನಲ್ಲಿ ರ‍್ಯಾಮ್ಸ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟರು. ಡ್ರಾಫ್ಟ್‌ನ ಕೊನೆಯ ದಿನ ಎಲ್ಲರೂ ಸುಸ್ತಾಗಿ ಮನೆಗೆ ಹೊರಡುವ ಹೊತ್ತಿಗೆ ನಿಮ್ಮ ಮೇಜಿನ ಮೇಲೆ ಇಪ್ಪತ್ತು ಹೆಸರು, ಇಪ್ಪತ್ತು ಫೋನ್ ನಂಬರ್, ಪ್ರತಿ ಹೆಸರಿನ ಎದುರು ಎಷ್ಟು ಕೊಡಬಹುದು ಅನ್ನುವ ಅಂಕಿ ಇರಲಿ.